ಕೈ ತೊಳೆಯುವ ನೆಪ

ಡೆಲ್ಫಿನ್ ಪಾಯ್ಸ್ ಜೊತೆ ಹೋಟೆಲಿನಲ್ಲಿ ಊಟಕ್ಕೆ ಕೂತು ತಾವೇ ಬಿಲ್ಲು ಕೊಟ್ಟವರು ಅಬುಧಾಬಿಯಲ್ಲಿ ಒಬ್ಬರೂ ಇರಲಿಲ್ಲ. ಕೊಡಲು ಹೊರಟವರು ಬೇಕಾದಷ್ಟು ಜನ. ಆದರೆ ಊಟ ಇನ್ನೂ ಮುಗಿದಿರುವುದಿಲ್ಲ, ಸಿಹಿ ಇನ್ನೂ ಬಂದಿರುವುದಿಲ್ಲ, ಅಷ್ಟರಲ್ಲಿ ಡೆಲ್ಫಿನ್ "ಒಂದು ನಿಮಿಷ, ಕೈ ತೊಳ್ದು ಬರ್ತೇನೆ" ಎಂದು ಎದ್ದುಬಿಡುತ್ತಿದ್ದಳು. ಒದ್ದೆ ಕೈ ಒರೆಸಿಕೊಳ್ಳುತ್ತಾ ವಾಪಸು ಬರುವಾಗ ಗಲ್ಲಾದಲ್ಲಿ ಎಲ್ಲ ಮುಗಿದಿರುತ್ತಿತ್ತು. ಇದನ್ನು ಕಲಿಸಿದವನು ಅವಳ ಗಂಡ ಕ್ಲಾರೆನ್ಸ್. ಬಿಲ್ಲು ಮೇಜಿಗೆ ಬಂದ ಮೇಲೆ ಕಿತ್ತಾಡುವುದು ದಡ್ಡರ ಕೆಲಸ ಎನ್ನುತ್ತಿದ್ದ ಪುಣ್ಯಾತ್ಮ. ಅವನು ತೀರಿಕೊಂಡ ಮೇಲೂ ಅವಳು ಆ ವಿದ್ಯೆಯನ್ನು ಬಿಡಲಿಲ್ಲ.

ಆಮೇಲೆ ಅವಳು ಕೆಲಸಕ್ಕಿದ್ದ ಕ್ಲಿನಿಕ್ಕು ಮುಚ್ಚಿತು. ಸಂಬಳ ನಿಂತಿತು, ಕೈಗೆ ಬರಬೇಕಾದದ್ದು ಇವತ್ತು ನಾಳೆ ಎನ್ನುತ್ತಾ ಮುಂದೆ ಹೋಯಿತು. ಬೇರೆ ಆಸ್ಪತ್ರೆಯಲ್ಲಿ ಕೆಲಸವೇನೋ ಸಿಕ್ಕಿತ್ತು, ಆದರೆ ವೀಸಾದ ಕಾಗದ ಆಗಬೇಕಿತ್ತು. ಅಲ್ಲಿಯವರೆಗೆ ಇರಲಿ ಎಂದು ಅವಳು ತನ್ನ ಫ್ಲ್ಯಾಟು ಬಿಟ್ಟು, ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿ ಬೆಡ್‌ಸ್ಪೇಸ್ ಹಿಡಿದಳು. ಬೆಡ್‌ಸ್ಪೇಸ್ ಎಂದರೆ ಒಂದು ಮಂಚ, ಒಂದು ಪರದೆ, ಅರ್ಧ ಕಪಾಟು. ಮನೆ ತೋರಿಸುವಾಗಲೇ ಫ್ಲ್ಯಾಟು ಹಿಡಿದಿದ್ದ ಹೆಂಗಸು ಕೈ ಆಡಿಸಿ ಹೇಳಿದ್ದಳು: "ಕಿಚನ್ ಮಾಫಿ." ಅಡುಗೆ ಮಾಡುವಂತಿಲ್ಲ. ನೀರು ಕಾಯಿಸುವ ಕೆಟಲ್ ಇಟ್ಟುಕೊಳ್ಳಬಹುದು, ಅಷ್ಟೇ.

ಇಗರ್ಜಿಯ ಸಹಾಯ ಸಂಘದವರಿಗೆ ಇದು ಗೊತ್ತಿರಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ತಿಂಗಳಿಗೊಮ್ಮೆ ಕುಚ್ಚಲಕ್ಕಿ, ಬೇಳೆ, ಎಣ್ಣೆಯ ಚೀಲ ಕಳಿಸಿದರು. ನನಗೆ ಒಲೆ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೊಡುವವರ ಎದುರು ಇದು ಬೇಡ, ಅದು ಕೊಡಿ ಎನ್ನುವುದು ಹೇಗೆ? ಡೆಲ್ಫಿನ್ ಪ್ರತಿ ಸಲವೂ "ದೇವರು ಒಳ್ಳೇದು ಮಾಡ್ಲಿ" ಎಂದು ಚೀಲ ತೆಗೆದುಕೊಂಡು ಮಂಚದ ಕೆಳಗೆ ತಳ್ಳಿದಳು. ಮೇಲೆ ಮಲಗಿ ಬನ್ನು, ಚಹಾ, ಬಾಳೆಹಣ್ಣಿನಲ್ಲಿ ದಿನ ಕಳೆದಳು. ಕೆಳಗೆ ಅಕ್ಕಿ ಇಟ್ಟುಕೊಂಡು ಮೇಲೆ ಹಸಿದು ಮಲಗುವ ಈ ಹಟಕ್ಕೆ ಏನೆನ್ನಬೇಕೋ!

ಸಂಘದ ಬೆಟ್ಟಿ ಒಂದು ದಿನ ನೋಡಿಕೊಂಡು ಹೋಗಲು ಬಂದವಳು ಮಂಚದ ಮೇಲೆ ಕೂತಳು. ಅವಳ ಹಿಮ್ಮಡಿ ಚೀಲಕ್ಕೆ ತಾಗಿತು. ಬಗ್ಗಿ ನೋಡಿದಳು. ಒಂದರ ಹಿಂದೆ ಒಂದು, ಬಾಯಿಯ ದಾರವೂ ಬಿಚ್ಚದ ಚೀಲಗಳು.

"ಇದೆಂತದು ಬಾಯಮ್ಮ?"

"ಒಲೆ ಇಲ್ಲ ಬೆಟ್ಟಿ," ಎಂದಳು ಡೆಲ್ಫಿನ್, ತಪ್ಪು ಮಾಡಿದವಳ ಹಾಗೆ.

ಬೆಟ್ಟಿ ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು, ಆಮೇಲೆ ಸಂಘದವರ ಹತ್ತಿರ ಹೋಗಿ ಜಗಳವಾಡಿದಳು. ಹೋಟೆಲೂಟ ಎಂದರೆ ಶೋಕಿಯಲ್ಲವೇ ಎಂದು ಒಬ್ಬಿಬ್ಬರು ರಾಗ ಎಳೆದರಂತೆ. ಒಲೆ ಇಲ್ಲದವರಿಗೆ ಅಕ್ಕಿ ಕೊಡುವುದೇ ಶೋಕಿ ಎಂದಳಂತೆ ಬೆಟ್ಟಿ. ಕೊನೆಗೆ ಅಡುಗೆಗೆ ಅನುಕೂಲವಿಲ್ಲದವರಿಗೆ ಒಂದು ಊಟದ ಕಾರ್ಡು ಎಂದಾಯಿತು. ಹತ್ತಿರದ ಸೀತಾನದಿ ಹೋಟೆಲಿನಲ್ಲಿ ದಿನಕ್ಕೆ ಒಂದು ಊಟ. ಉಂಡದ್ದಕ್ಕೆ ಕಾರ್ಡಿನಲ್ಲಿ ಒಂದು ತೂತು. ಕಾರ್ಡು ಇದ್ದವರೇ ಉಣ್ಣಬೇಕು, ಬೇರೆಯವರಿಗೆ ಅದರಲ್ಲಿ ಬಡಿಸುವಂತಿಲ್ಲ. ಅಕ್ಕಿ ವಾಪಸು ಕೊಡ್ತೀರಾ ಎಂದು ಬೆಟ್ಟಿ ಕೇಳಿದಾಗ ಮಾತ್ರ ಡೆಲ್ಫಿನ್, "ಒಂದು ಚೀಲ ಇರ್ಲಿ ಮಗಾ. ಒಲೆ ಇರುವ ಮನೆ ಸಿಗದೆ ಹೋದೀತಾ?" ಎಂದು ಒಂದನ್ನು ಉಳಿಸಿಕೊಂಡಳು.

ಸೀತಾನದಿಯೇ ಆಗಬೇಕಿತ್ತೇ ಎಂದು ಡೆಲ್ಫಿನ್ ಮನಸ್ಸಿನಲ್ಲೇ ನೊಂದದ್ದುಂಟು. ಅವಳು ಕೈ ತೊಳೆಯುವ ನೆಪದ ಆಟವನ್ನೆಲ್ಲ ಆಡಿದ್ದು ಅಲ್ಲೇ. ಆದರೆ ಮಾಲೀಕ ಗುರುದತ್ತ ಕುಂದಾಪುರದ ಕಡೆಯವನು, ಮರ್ಯಾದೆ ತಿಳಿದವನು. ಮೊದಲ ದಿನ ಅವಳು ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ಚಾಚಿದಾಗ ಅವನು ಮುಖ ನೋಡದೆ ತೆಗೆದುಕೊಂಡು, ಗಲ್ಲಾದ ಕೆಳಗೇ ತೂತು ಹಾಕಿ, "ಬಂಗುಡೆ ಫ್ರೆಶ್ ಇತ್ತ್ ಬಾಯಮ್ಮ, ಕೂಕಣಿ" ಎಂದು ಕುರ್ಚಿ ತೋರಿಸಿದ್ದ. ಅಂದಿನಿಂದ ಅವಳು ಜನ ಕಡಿಮೆಯಾಗುವ ಇಳಿಹೊತ್ತಿಗೆ ಬಂದು, ವಾಶ್‌ಬೇಸಿನ್ ಪಕ್ಕದ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಬಿಸಿ ಕುಚ್ಚಲಕ್ಕಿ ಅನ್ನ, ಹುಳಿ ಖಾರದ ಮೀನು ಸಾರು. ಒಳ್ಳೆಯ ಊಟ. ಪರಿಚಯದವರು ಯಾರೂ ಬರದಿರಲಿ ಎಂಬ ಒಂದೇ ಪ್ರಾರ್ಥನೆ ಮಾಡಿ ಶಿಲುಬೆ ಹಾಕಿಕೊಂಡು ತುತ್ತು ಎತ್ತುತ್ತಿದ್ದಳು.

ಆ ದಿನ ಪ್ರಾರ್ಥನೆ ಫಲಿಸಲಿಲ್ಲ.

"ಡೆಲ್ಫಿನ್ ಆಂಟೀ!"

ಬಾಗಿಲಲ್ಲಿ ಸಮೀಕ್ಷಾ ನಿಂತಿದ್ದಳು, ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು. ಸಮೀಕ್ಷಾ ಮೈಸೂರಿನ ಹುಡುಗಿ. ಮೊದಲ ಕೆಲಸಕ್ಕೆಂದು ಈ ದೇಶಕ್ಕೆ ಬಂದು ಅದೇ ಕ್ಲಿನಿಕ್ಕಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು. ಬಂದ ಹೊಸದರಲ್ಲಿ ಊಟ ಸೇರದೆ ಔಷಧದ ಸ್ಟೋರಿನಲ್ಲಿ ಕೂತು ಅಳುತ್ತಿದ್ದಳು. ಡೆಲ್ಫಿನ್ ಅದನ್ನು ನೋಡಿದ ಮರುದಿನದಿಂದ ಎರಡು ಡಬ್ಬಿ ತಂದಿದ್ದಳು, ಒಂದು ತನಗೆ, ಒಂದು ಅವಳಿಗೆ, ಅದೂ ಮೀನು ಸೋಕದ ಬೇರೆ ಪಾತ್ರೆಯಲ್ಲಿ ಮಾಡಿದ್ದು. ಹುಡುಗಿ ಒಳ್ಳೆಯ ಕೆಲಸ ಸಿಕ್ಕಿ ದುಬೈಗೆ ಹೋಗುವವರೆಗೂ ಆ ಡಬ್ಬಿ ನಿಂತಿರಲಿಲ್ಲ.

"ಇವ್ರೇ ಅಮ್ಮ, ನಾನು ಹೇಳ್ತಿದ್ನಲ್ಲ!" ಸಮೀಕ್ಷಾ ಡೆಲ್ಫಿನ್‌ಳನ್ನು ಅಪ್ಪಿಕೊಂಡೇಬಿಟ್ಟಳು. "ಆಂಟಿ, ನಮ್ಮಮ್ಮ. ದುಬೈಲಿ, ಮಿರ್ದಿಫ್‌ನಲ್ಲಿ ನನ್ ಜೊತೆ ಇದ್ದಾರೆ. ಇವತ್ತು ಆಫೀಸ್ ಕೆಲಸ ಇಲ್ಲಿತ್ತು, ಇವ್ರನ್ನೂ ಎಳ್ಕೊಂಡು ಬಂದೆ. ನಿಮ್ ಹಳೇ ನಂಬರ್ ಹೋಗ್ತಾನೇ ಇಲ್ಲ!"

ತಾಯಿ ಶಾರದಮ್ಮ ಡೆಲ್ಫಿನ್‌ಳ ಎರಡೂ ಕೈ ಹಿಡಿದುಕೊಂಡರು. "ನನ್ನ ಮಗಳಿಗೆ ಅನ್ನ ಹಾಕಿದ ಕೈ ಇದೇನಾ ತಾಯಿ? ಕಂಡು ಹೇಳ್ಬೇಕು ಅಂತ ಎಷ್ಟು ದಿನದಿಂದ ಆಸೆ."

ಎದುರಿಗೆ ಅತಿಥಿಗಳು, ಅದೂ ಇಂಥ ಮಾತು. ಡೆಲ್ಫಿನ್‌ಳ ಬಾಯಿ ಅವಳ ತಲೆಯನ್ನು ಕೇಳದೆಯೇ ಹೇಳಿಬಿಟ್ಟಿತು:

"ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ. ಇವತ್ತು ನೀವು ನನ್ನ ಗೆಸ್ಟು. ಗುರುದತ್ತರೇ, ಮೀನು ಬೇಡ ಇವತ್ತು! ನೀರುದೋಸೆ ಹಾಕ್ಲಿಕ್ಕೆ ಹೇಳಿ. ಪತ್ರೊಡೆ ಉಂಟಾ? ಗೋಳಿಬಜೆ?"

ಹೇಳಿ ಮುಗಿದ ಮೇಲೆ ತಲೆಗೆ ಹೊಳೆಯಿತು. ಕೈಯಲ್ಲಿ ಇದ್ದದ್ದು ಊಟದ ಕಾರ್ಡು ಮಾತ್ರ. ಗಲ್ಲಾದಲ್ಲಿ ಗುರುದತ್ತ ಒಂದು ಕ್ಷಣ ಅವಳನ್ನೇ ನೋಡಿ ಅಡುಗೆಮನೆಯ ಕಡೆ ತಿರುಗಿದ.

ಬಾಗಿಲ ಹತ್ತಿರದ ದೊಡ್ಡ ಮೇಜಿಗೆ ತಿಂಡಿ ಬಂತು. ಶಾರದಮ್ಮ ಪತ್ರೊಡೆಯನ್ನು ಮೊದಲು ಅನುಮಾನದಿಂದ ಮುರಿದು, ಆಮೇಲೆ ಮಗಳ ತಟ್ಟೆಯದನ್ನೂ ಎಳೆದುಕೊಂಡರು. ಸಮೀಕ್ಷಾ ಹಳೆಯ ಕಥೆಗಳನ್ನೆಲ್ಲ ತೆಗೆದಳು. ಕ್ಲಿನಿಕ್ಕು ಹೇಗಿದೆ ಎಂದು ಅವಳು ಕೇಳಿದಾಗ ಡೆಲ್ಫಿನ್ "ಈಗ ಬೇರೆ ಕಡೆ ಆಗಿದೆ ಮಗಾ" ಎಂದು ತೇಲಿಸಿಬಿಟ್ಟಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ನಗುತ್ತಾ ಬಡಿಸಿದಳು, ಇನ್ನೊಂದು ಹಾಕಿಕೊಳ್ಳಿ ಎಂದು ಒತ್ತಾಯ ಮಾಡಿದಳು. ತಾನು ಮಾತ್ರ ಒಂದೇ ದೋಸೆಯನ್ನು ಹರಿಯುತ್ತಾ ಕೂತಳು. ಈ ಹುಡುಗಿಯ ಕಣ್ಣಲ್ಲಿ ತಾನು ಅನ್ನ ಹಾಕಿದವಳಾಗಿಯೇ ಉಳಿಯಬೇಕು. ಅದೊಂದನ್ನಾದರೂ ಕಿತ್ತುಕೊಳ್ಳಬೇಡ ದೇವರೇ ಎಂದು ಬೇಡಿಕೊಂಡಳು.

ಕೊನೆಗೆ ಎದ್ದಳು. "ಒಂದು ನಿಮಿಷ, ಕೈ ತೊಳ್ದು ಬರ್ತೇನೆ."

ಗಲ್ಲಾ ಇದ್ದದ್ದು ವಾಶ್‌ಬೇಸಿನ್ ಪಕ್ಕದಲ್ಲೇ, ನಡುವೆ ಒಂದು ಕಂಬ. ಡೆಲ್ಫಿನ್ ಕಾರ್ಡನ್ನು ಗಲ್ಲಾದ ಮೇಲಿಟ್ಟು ದನಿ ತಗ್ಗಿಸಿದಳು.

"ಗುರುದತ್ತರೇ, ನಾಳೆದು, ನಾಡಿದ್ದಿದು, ಈ ಕಾರ್ಡಿನಲ್ಲಿ ಎಷ್ಟು ಊಟ ಉಂಟೋ ಅಷ್ಟಕ್ಕೂ ತೂತು ಹಾಕಿ. ನಾನು ಬರುವುದಿಲ್ಲ ಈ ತಿಂಗಳು. ಇವರ ಬಿಲ್ಲು ಅದರಲ್ಲಿ ಮುಗ್ಸಿಬಿಡಿ."

"ಹಾಂಗೆ ಆತಿಲ್ಲೆ ಬಾಯಮ್ಮ. ದಿನಕ್ಕೆ ಒಂದೇ. ಅದೂ ನಿಮ್ಗೆ ಮಾತ್ರ," ಎಂದ ಗುರುದತ್ತ, ಅವಳಿಗಿಂತ ಹೆಚ್ಚು ಸಂಕಟದಿಂದ. "ಬಿಲ್ಲಿನ ಸುದ್ದಿ ಬಿಡಿ. ನಾ ಕೇಳೂದಿಲ್ಲ."

"ನೀವು ಯಾಕೆ ಬಿಡಬೇಕು? ಕರೆದದ್ದು ನಾನಲ್ವಾ? ಆ ಹುಡುಗಿಗೆ ಗೊತ್ತಾಗಬಾರದು. ನಾನು ಧರ್ಮದ ಊಟ ಉಣ್ಣುದು ಅಂತ ಅವಳಿಗೆ ಗೊತ್ತಾಗಬಾರದು." ಬೆರಳಿನ ಉಂಗುರ ತಿರುಗಿಸಿ ಬಿಚ್ಚತೊಡಗಿದಳು. ಕ್ಲಾರೆನ್ಸ್ ಹಾಕಿದ ಉಂಗುರ ಅದು, ಗೆಣ್ಣು ದಾಟಿ ಬರಲಿಲ್ಲ.

ಕಂಬದ ಆಚೆ ನಲ್ಲಿ ನಿಂತ ಸದ್ದಾಯಿತು.

ಶಾರದಮ್ಮ ನಿಂತಿದ್ದರು. ಎರಡೂ ಕೈ ಒದ್ದೆ. ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಪರ್ಸು ಅರ್ಧ ಹೊರಗೆ. ಮೈಸೂರಿನ ಹೆಂಗಸೂ ಅದೇ ವಿದ್ಯೆ ಕಲಿತಿದ್ದರು. ಅವರೂ ಕೈ ತೊಳೆಯುವ ನೆಪ ಹೇಳಿಯೇ ಎದ್ದು ಬಂದಿದ್ದರು. ಬೇಸಿನ್ ಮೇಲಿನ ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲ ಕೇಳಿಸಿದೆ ಎಂದು ಡೆಲ್ಫಿನ್‌ಗೆ ತಿಳಿಯಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು.

ಶಾರದಮ್ಮ ಒದ್ದೆ ಕೈಯಲ್ಲೇ ನೋಟು ತೆಗೆದು ಗುರುದತ್ತನಿಗೆ ಕೊಟ್ಟರು. ಡೆಲ್ಫಿನ್‌ಳ ಬೆರಳು ಹಿಡಿದು ಉಂಗುರವನ್ನು ಮತ್ತೆ ಕೆಳಗೆ ಒತ್ತಿದರು. ಆಮೇಲೆ ಮೇಜಿನ ಹತ್ತಿರ ಹೋಗಿ, ಹೋಟೆಲಿಗೆಲ್ಲ ಕೇಳುವಂತೆ ಮಗಳಿಗೆ ಹೇಳಿದರು: "ನಿಮ್ಮ ಆಂಟಿ ಭಾರಿ ಕಿಲಾಡಿ ಕಣೆ. ನಾನು ಕೈ ತೊಳೆಯೋಷ್ಟರಲ್ಲಿ ಬಿಲ್ಲು ಕೊಟ್ಟು ಮುಗಿಸಿದ್ದಾರೆ!"

"ಆಂಟೀ! ಮತ್ತೆ ಮೋಸ! ನೆಕ್ಸ್ಟ್ ಟೈಮ್ ನಂದೇ," ಎಂದು ಸಮೀಕ್ಷಾ ಮುನಿಸು ತೋರಿಸಿ ಬ್ಯಾಗು ಎತ್ತಿಕೊಂಡಳು.

ಡೆಲ್ಫಿನ್ ಬೇಡಿದ್ದು ಸಿಕ್ಕಿತ್ತು. ನಕ್ಕು, ಕೈ ಬೀಸಿ, ಅವರನ್ನು ಕಳಿಸಿದ್ದರೆ ಆಟ ಅವಳದೇ. ಆದರೆ ಈ ಸುಳ್ಳು ಕ್ಲಾರೆನ್ಸ್ ಕಲಿಸಿದ ಆಟದೊಳಗೆ ಬರುತ್ತಿರಲಿಲ್ಲ. ಬೇರೆಯವರು ಕೊಟ್ಟದ್ದನ್ನು ತಾನು ಕೊಟ್ಟೆ ಎನ್ನಿಸಿಕೊಳ್ಳುವುದು ಅವಳಿಂದ ಆಗಲಿಲ್ಲ. ಬಾಗಿಲ ಹತ್ತಿರ ನಿಂತುಬಿಟ್ಟಳು.

"ನಾನಲ್ಲ ಮಗಾ. ನಿನ್ನ ಅಮ್ಮ ಕೊಟ್ಟದ್ದು." ಕಾರ್ಡನ್ನು ತೆಗೆದು ಹುಡುಗಿಯ ಕೈಯಲ್ಲಿಟ್ಟಳು. "ಕ್ಲಿನಿಕ್ಕು ಖಲಾಸ್. ನನಗೆ ಈಗ ಇಗರ್ಜಿಯವರು ಊಟ ಕೊಡುದು. ಮನೆಯಲ್ಲಿ ಒಲೆಯೂ ಇಲ್ಲ. ಅವರು ಕೊಟ್ಟ ಅಕ್ಕಿ ಮಂಚದ ಅಡಿಯಲ್ಲಿ ಹಾಗೇ ಉಂಟು."

ಸಮೀಕ್ಷಾ ಕಾರ್ಡಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೆ ಕನಿಕರ ಬಂದೀತೆಂದು ಡೆಲ್ಫಿನ್ ಹೆದರಿದ್ದಳು. ಬಂದದ್ದು ಕೋಪ.

"ಅಷ್ಟು ದಿನ ನಿಮ್ ಡಬ್ಬಿ ತಿಂದ್ನಲ್ಲ ಆಂಟಿ, ಒಂದು ದಿನಾನೂ ನಂಗೆ ನಾಚಿಕೆ ಆಗಿಲ್ಲ. ಯಾಕೆ ಗೊತ್ತಾ? ನೀವು ಆಗೋಕೆ ಬಿಟ್ಟಿರ್ಲಿಲ್ಲ. ಈಗ ನನ್ ಮುಂದೆ ನಿಮಗ್ಯಾಕೆ ನಾಚಿಕೆ?" ಅಷ್ಟು ಹೇಳಿ ಅವಳೇ ಅತ್ತಳು, ಔಷಧದ ಸ್ಟೋರಿನಲ್ಲಿ ಅಳುತ್ತಿದ್ದ ಹಾಗೆಯೇ.

ಡೆಲ್ಫಿನ್ ಸೆರಗು ಇಲ್ಲದ ಉಡುಪಿನಲ್ಲಿ ಸೆರಗು ಹುಡುಕಿ, ಕೊನೆಗೆ ಅಂಗೈಯಿಂದಲೇ ಹುಡುಗಿಯ ಕೆನ್ನೆ ಒರೆಸಿದಳು.

"ಆಯ್ತಲ್ಲ, ಅಳೋದು ಸಾಕು," ಎಂದರು ಶಾರದಮ್ಮ. "ತಾಯಿ, ನಿಮ್ಹತ್ರ ಅಕ್ಕಿ ಇದೆ, ಒಲೆ ಇಲ್ಲ. ನಮ್ಮನೇಲಿ ಅಷ್ಟು ದೊಡ್ಡ ಒಲೆ ಇದೆ, ಇವಳು ಆಫೀಸಿಗೆ ಹೋದ್ಮೇಲೆ ಮಾತಾಡೋಕೆ ಒಂದು ಜನ ಇಲ್ಲ. ನಾನು ಊಟಕ್ಕೆ ಕರೀತಿಲ್ಲ, ತಿಳ್ಕೊಳ್ಳಿ. ನೀವು ನಮ್ಮನ್ನ ಕರೀರಿ. ಅಕ್ಕಿ ನಿಮ್ದು, ಅಡುಗೆ ನಿಮ್ದು. ಜಾಗ ಮಾತ್ರ ನಮ್ದು."

ಡೆಲ್ಫಿನ್ ಗುರುದತ್ತನ ಮುಖ ನೋಡಿದಳು. ಅವನು ನೋಟು ಎಣಿಸುವ ನಾಟಕ ಮಾಡುತ್ತಿದ್ದ.

"ಶನಿವಾರ ಬನ್ನಿ ಹಾಗಾದ್ರೆ," ಎಂದಳು ಡೆಲ್ಫಿನ್, "ನಿಮ್ಮ ಮನೆಗೆ. ಊಟಕ್ಕೆ."

ಶನಿವಾರ ಸಮೀಕ್ಷಾಳ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕಿಯ ಚೀಲ ಅತಿಥಿಯ ಹಾಗೆ ಕೂತು ದುಬೈಗೆ ಬಂತು. ಮಿರ್ದಿಫ್‌ನ ಅಡುಗೆಮನೆಯಲ್ಲಿ ಡೆಲ್ಫಿನ್ ಚೀಲದ ದಾರ ಬಿಚ್ಚಿದಳು. ಕುಚ್ಚಲಕ್ಕಿಯ ವಾಸನೆ ಮೂಗಿಗೆ ಬಡಿದಾಗ, ಇಷ್ಟು ದಿನ ಇದರ ಮೇಲೆಯೇ ಮಲಗಿದ್ದೆನಲ್ಲ ಎಂದು ನಗು ಬಂತು. ಅಕ್ಕಿ ತೊಳೆದಳು, ನೀರಿಗೆ ಹಾಕಿದಳು, ಸೌಟು ಹಿಡಿದು ಒಲೆಯ ಮುಂದೆ ನಿಂತಳು. ಮೈಯೆಲ್ಲ ಹಗುರವಾಯಿತು.

"ಇನ್ನೂ ಬೆಂದಿಲ್ವೇನ್ರೀ?" ಶಾರದಮ್ಮ ಮೂರನೆಯ ಸಲ ಇಣುಕಿದರು.

"ಇದು ನಿಮ್ಮ ಸೋನಾಮಸೂರಿ ಅಲ್ಲ ಅಮ್ಮ. ಇದಕ್ಕೆ ಸಾವಕಾಶ ಬೇಕು. ಹೋಗಿ ಕೂತ್ಕೊಳ್ಳಿ, ಕರೀತೇನೆ."

ಕೊನೆಗೆ ಗಂಜಿ ಮೇಜಿಗೆ ಬಂತು, ತೆಂಗಿನಕಾಯಿ ಚಟ್ನಿ, ತೊಂಡೆಕಾಯಿ ಪಲ್ಯ, ಮಾವಿನ ಉಪ್ಪಿನಕಾಯಿಯ ಜೊತೆ. ಸಮೀಕ್ಷಾ ತಲೆ ಎತ್ತದೆ ಉಂಡಳು. ಇಷ್ಟು ದಪ್ಪ ಅಕ್ಕಿ ಹೇಗಪ್ಪಾ ತಿನ್ನೋದು ಎಂದು ಶುರು ಮಾಡಿದ ಶಾರದಮ್ಮ ಬಟ್ಟಲನ್ನು ಮತ್ತೆ ಮುಂದೆ ಚಾಚಿದರು. ಡೆಲ್ಫಿನ್ ಬಡಿಸಿದಳು, ಬಡಿಸುತ್ತಲೇ ಇದ್ದಳು. ಅವಳೂ ಹೊಟ್ಟೆ ತುಂಬ ಉಂಡಳು.

ಊಟದ ಕೊನೆಗೆ ಶಾರದಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. "ಒಂದು ನಿಮಿಷ, ಕೈ ತೊಳೆದು ಬರ್ತೀನಿ."

ಡೆಲ್ಫಿನ್‌ಳ ಕೈ ತಾನಾಗಿಯೇ ಮುಂದೆ ಹೋಗಿ ಅವರ ಮುಂಗೈ ಹಿಡಿಯಿತು.

"ಬಿಡಿ ತಾಯಿ," ಎಂದು ಶಾರದಮ್ಮ ನಕ್ಕರು. "ಇವತ್ತು ನಿಜವಾಗ್ಲೂ ಕೈ ತೊಳೆಯೋಕೇ ಹೋಗ್ತಿರೋದು."