ಗುಡ್ಡದ ಮಗಳು, ಹೊಳೆಯ ಸೊಸೆ

ಆ ಊರಲ್ಲಿ ನೀವು ಯಾರು ಅಂತ ಕೇಳುವ ರೂಢಿಯೇ ಇರಲಿಲ್ಲ. ಗುಡ್ಡದವರಾ, ಹೊಳೆಯವರಾ, ಅಷ್ಟೇ. ನೀರು ಸರಬರಾಜು ಕಚೇರಿಯ ಸೈಬರ್ ವಿಭಾಗದ ಮುಖ್ಯಸ್ಥೆ ಹುಟ್ಟಿದ್ದು ಗುಡ್ಡದಲ್ಲಿ, ಸೊಸೆಯಾಗಿ ಹೋಗಿದ್ದು ಹೊಳೆಬದಿಗೆ. ಅತ್ತೆ ಸಿಟ್ಟಿನಲ್ಲಿ ‘ಗುಡ್ಡದವಳೇ’ ಅನ್ನುತ್ತಿದ್ದರು. ತವರಿಗೆ ಹೋದರೆ ಅಣ್ಣ ‘ಹೊಳೆಯವರು ಬಂದ್ರು, ದಾರಿ ಬಿಡಿ’ ಎಂದು ಛೇಡಿಸುತ್ತಿದ್ದ.

ಒಂದು ಬೆಳಿಗ್ಗೆ ಹೊಳೆಬದಿಯ ಮೊಬೈಲುಗಳಿಗೆಲ್ಲ ಒಂದು ಸಂದೇಶ ಬಂತು: ‘ನಾವು ಪೂರ್ವ ವಲಯದ ಜನ. ಇಂದು ಪಂಪ್‌ಹೌಸಿಗೆ ಬೀಗ ಹಾಕಿ ಕೆಳಗಿನವರ ನೀರು ನಿಲ್ಲಿಸುತ್ತೇವೆ.’ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬುಡದಲ್ಲಿ ಹೊಳೆಯ ಜನ ಸೇರಿದರು. ಸುದ್ದಿ ಕೇಳಿ ಗುಡ್ಡದವರೂ ಮೇಲಿನ ಪಂಪ್‌ಹೌಸ್ ಕಾಯಲು ನಿಂತರು.

“ಊರಿನ ಇಂಟರ್ನೆಟ್ಟನ್ನೇ ನಿಲ್ಲಿಸಿಬಿಡೋಣ,” ಎಂದರು ನಿರ್ದೇಶಕರು.

“ಬೇಡ ಸರ್. ಫೋನು ಸತ್ತರೆ ಸುಳ್ಳಿಗೆ ನಾವೇ ರುಜು ಹಾಕಿದ ಹಾಗೆ,” ಎಂದಳು ಅವಳು. “ಇದನ್ನ ಬರೆದವನು ನಮ್ಮೂರವನಲ್ಲ. ಗುಡ್ಡಕ್ಕೆ ಪೂರ್ವ ವಲಯ ಅನ್ನೋದು ನಕಾಶೆಯಲ್ಲಿದೆ, ಯಾರ ಬಾಯಲ್ಲೂ ಇಲ್ಲ. ನಕಾಶೆ ಮುಂದಿಟ್ಟುಕೊಂಡು ದೂರದಲ್ಲೆಲ್ಲೋ ಕೂತು ನಮ್ಮನ್ನ ಜಗಳಕ್ಕೆ ಹಚ್ತಿದ್ದಾನೆ.”

“ಹಾಗಂತ ಪ್ರಕಟಣೆ ಕೊಡಿ.”

“ಕಚೇರಿ ಮಾತು ಯಾರು ಕೇಳ್ತಾರೆ? ಹೊಳೆಯವರು ನಂಬೋದು ಹೊಳೆಯವರನ್ನೇ.”

ಅತ್ತೆಯದು ಹೊಳೆಬದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ. ಅವರ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು, ಅವರ ಮಾತನ್ನು ಅಷ್ಟೇ ನಂಬುತ್ತಿತ್ತು. ಸೊಸೆ ಅವರಿಗೇ ಫೋನು ಮಾಡಿದಳು.

“ನಿಮ್ಮವರ ಪರ ನಾನು ವಕಾಲತ್ತು ಹಾಕಬೇಕಾ?”

“ವಕಾಲತ್ತು ಬೇಡ ಅತ್ತೆ. ಬಂದು ಕಣ್ಣಾರೆ ನೋಡಿ. ಬೀಗ ಇದ್ದರೆ ಇದೆ ಅಂತಲೇ ಹೇಳಿ.”

ಕಚೇರಿಯ ಜೀಪು ಇಬ್ಬರನ್ನೂ ಮೇಲಕ್ಕೆ ಒಯ್ದಿತು. ಪಂಪ್‌ಹೌಸ್ ಬಾಗಿಲಿಗೆ ಅಡ್ಡ ನಿಂತವರಲ್ಲಿ ಅಣ್ಣನೂ ಇದ್ದ. ತಂಗಿಯ ಹಿಂದೆ ಅತ್ತೆಯನ್ನು ಕಂಡು ಅವನ ಮುಖ ಬಿಗಿಯಿತು. ಇವನು ದಾರಿ ಬಿಡಲ್ಲ ಅಂದರೆ ನನಗೆ ಎರಡೂ ಮನೆ ಹೋದಂತೆ ಅಂತ ಒಂದು ಕ್ಷಣ ಅವಳಿಗೆ ಅನಿಸಿತು.

“ದಾರಿ ಬಿಡು ಅಣ್ಣ. ನಮ್ಮತ್ತೆ ನೋಡಬೇಕು.”

ಅವನು ಸರಿದ. ಬಾಗಿಲು ತೆರೆದೇ ಇತ್ತು. ಅತ್ತೆ ಒಳಗೆ ಹೋಗಿ, ದಪ್ಪ ಕೊಳವೆಯ ಮೇಲೆ ಅಂಗೈ ಇಟ್ಟು, ನೀರಿನ ಅದುರು ಕೈಗೆ ತಾಗುವವರೆಗೂ ನಿಂತರು. ಆಮೇಲೆ ಫೋನು ತೆಗೆದು ಹೊಳೆಬದಿಯ ವಾಟ್ಸಾಪ್ ಗುಂಪಿಗೆ ತಮ್ಮ ದನಿಯಲ್ಲೇ ಸಂದೇಶ ಕಳಿಸಿದರು.

“ಹೊಲಿಗೆ ಅಂಗಡಿಯವಳು ಮಾತಾಡ್ತಿದ್ದೀನಿ. ಪಂಪು ನಡೀತಿದೆ, ಬೀಗಾನೂ ಇಲ್ಲ ಗೀಗಾನೂ ಇಲ್ಲ. ಬಿಸಿಲಲ್ಲಿ ನಿಂತು ತಲೆ ಕಾಯಿಸ್ಕೋಬೇಡಿ, ಮನೆಗೆ ನಡೀರಿ.”

ಅಣ್ಣನೂ ತನ್ನ ದನಿಯಲ್ಲಿ ಅದನ್ನೇ ಹೇಳಿ ಗುಡ್ಡದವರ ಗುಂಪಿಗೆ ಕಳಿಸಿದ. ಕೆಳಗೆ ಜನ ಗೊಣಗುತ್ತಲೇ ಕರಗಿದರು. ಸಂಜೆ ಇನ್ನೊಂದು ಸುಳ್ಳು ಬಂದಾಗ ಅದಕ್ಕೆ ಸಿಕ್ಕಿದ್ದು ನಗೆ ಮಾತ್ರ.

ಊರಿನ ಸೈಬರ್ ರಕ್ಷಣೆಯ ಯೋಜನೆ ಬರೆಯುವ ಹೊಣೆ ಅವಳಿಗೇ ಬಂತು. ದುಬಾರಿ ಸಾಫ್ಟ್‌ವೇರಿಗಿಂತ ಮೊದಲು ಬೀದಿಗೊಬ್ಬರು ನಂಬಿಕಸ್ತರು ಬೇಕು ಎಂದು ಅವಳು ಪಟ್ಟು ಹಿಡಿದಳು. ಅವರನ್ನು ಹುಡುಕಲು ಹೊರಟಾಗ ಅತ್ತೆ ಅಂಗಡಿಯ ಬಾಗಿಲೆಳೆದು ಜೊತೆಗೆ ಬಂದರು.

“ಮೊದಲು ಗುಡ್ಡದ ಕಡೆ ಹೋಗೋಣ,” ಎಂದರು. “ಅಲ್ಲಿ ನನಗೆ ಇನ್ನೂ ಯಾರ ಪರಿಚಯವೂ ಇಲ್ಲ.”