ತಾಲೀಮಿನ ಮಾತು

ನನ್ನ ಬಾಯಿಗೆ ಬ್ರೇಕ್ ಇಲ್ಲ ಎಂಬುದನ್ನು ನನ್ನ ಗಂಡ ಮದುವೆಯಾದ ವಾರದಲ್ಲೇ ಕಂಡುಹಿಡಿದರು. ನಮ್ಮ ಕುಟುಂಬ ಸಲಹಾ ಕೇಂದ್ರಕ್ಕೆ ಫೀಲ್ಡ್ ವರ್ಕಿಗೆ ಬರುವ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಮೇಡಂ ಎನ್ನುತ್ತಾರೆ. ಅನ್ನಲಿ ಬಿಡಿ. ಸಮಾಜಕಾರ್ಯವೆಂದರೆ ಓದಿ ಪರೀಕ್ಷೆ ಬರೆದು ಮುಗಿಸುವ ವಿದ್ಯೆಯಲ್ಲ, ಯಾರದೋ ಮನೆಯ ಸಂಕಟದ ಎದುರು ಕುರ್ಚಿ ಎಳೆದುಕೊಂಡು ಕೂರುವ ಕೆಲಸ. ಆ ಕೂರುವುದನ್ನು ಕಲಿಸಲಿಕ್ಕೆಂದೇ ಕಾಲೇಜಿನವರು ಅವರನ್ನು ನನ್ನ ಕೈಗೆ ಒಪ್ಪಿಸುತ್ತಾರೆ. ಬೆಲ್ಲದ ಮಾತಾಡಿಕೊಂಡು ಕಲಿಸಲು ನನಗೆ ಬರುವುದಿಲ್ಲ.

ಈ ಸಲ ಬಂದವಳನ್ನು ಮೊದಲ ದಿನವೇ ಪಿಸುಮಾತು ಎಂದು ಕರೆದುಬಿಟ್ಟೆ. ಎದುರು ಕೂತವರಿಗೂ ಕೇಳಿಸದ ದನಿ. ‘ಏನಮ್ಮಾ, ನಿನ್ನ ಮಾತು ಹಲ್ಲು ದಾಟಿ ಈಚೆ ಬರೋಕೆ ಬಸ್ ಚಾರ್ಜ್ ಕೊಡ್ಬೇಕಾ?’ ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗುವಿಗೂ ಸದ್ದಿರಲಿಲ್ಲ.

ಅವಳಿಗೆ ನಾನು ವಹಿಸಿದ್ದು ಒಬ್ಬ ತಾಯಿಯ ಕೇಸು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು, ಮೊಣಕೈವರೆಗೂ ಹಳೆಯ ಸುಟ್ಟ ಗೆರೆಗಳು. ಗಂಡ ಯಾವತ್ತೋ ಬಿಟ್ಟುಹೋಗಿದ್ದ. ಪಾಳಿ ಸಂಜೆಗೆ ಬದಲಾದಾಗ ಮಗಳನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಅಜ್ಜಿ ಊರು ಬಿಟ್ಟ ಮೇಲೆ ಮಗು ಒಂಟಿಯಾಯಿತು. ‘ಒಳಗಿಂದ ಚಿಲಕ ಹಾಕ್ಕೋ ಕಂದಾ, ನನ್ನ ದನಿ ಕೇಳೋವರೆಗೂ ತೆಗೀಬೇಡ’ ಎಂದು ಹೇಳಿ ತಾಯಿ ಕೆಲಸಕ್ಕೆ ಹೋಗುತ್ತಿದ್ದಳಂತೆ. ಯಾರೋ ದೂರು ಕೊಟ್ಟರು, ಮಗುವನ್ನು ಮಕ್ಕಳ ಆಶ್ರಯಧಾಮಕ್ಕೆ ಕಳಿಸಿದರು. ಈಗ ಅವಳಿಗೆ ಹಗಲು ಪಾಳಿ ಸಿಕ್ಕಿತ್ತು, ತಂಗಿ ಬಂದು ಜೊತೆಗಿದ್ದಳು. ಮಕ್ಕಳ ಕಲ್ಯಾಣ ಸಮಿತಿಯ ಎದುರು ಒಮ್ಮೆ ಸರಿಯಾಗಿ ಮಾತಾಡಿದರೆ ಮಗು ಮನೆಗೆ ಬರುತ್ತಿತ್ತು.

ಸಮಿತಿಗೆ ಮೊದಲು ಪಿಸುಮಾತು ಅವಳ ಹತ್ತಿರ ಕೂತು ಕಷ್ಟದ ಪ್ರಶ್ನೆಗಳನ್ನು ಕೇಳಬೇಕಿತ್ತು. ಇಂಥ ಭೇಟಿಗೆ ಮುಂಚೆ ತಾಲೀಮು ನಡೆಸುವುದು ನನ್ನ ಪದ್ಧತಿ. ವಿದ್ಯಾರ್ಥಿ ತನ್ನ ಪಾತ್ರದಲ್ಲೇ ಇರುತ್ತಾಳೆ, ನಾನು ಬರಲಿರುವ ಮನುಷ್ಯರಾಗುತ್ತೇನೆ. ಕುಡುಕ ಅಪ್ಪನಾಗಿದ್ದೇನೆ, ಜಗಳಗಂಟಿ ಅತ್ತೆಯಾಗಿದ್ದೇನೆ. ಚೆನ್ನಾಗಿಯೇ ಮಾಡುತ್ತೇನೆ, ಆ ಜಂಬ ನನಗಿತ್ತು.

ನಮ್ಮ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇರುವುದು ಪ್ಲೈವುಡ್ ಹಲಗೆ, ಅದೂ ಸೂರಿನವರೆಗೆ ಮುಟ್ಟದ್ದು. ಈ ಕಡೆ ಸೀನಿದರೆ ಆ ಕಡೆಯವರು ಮೂಗು ಒರೆಸಿಕೊಳ್ಳುತ್ತಾರೆ. ಗೋಡೆಗೂ ಕಿವಿಯಿದೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಇರುವುದೇ ಕಿವಿ. ಅದು ನನಗೆ ಗೊತ್ತಿಲ್ಲದ್ದೇ?

ಅವತ್ತು ನಾನು ಆ ತಾಯಿಯಾದೆ. ಸೆರಗಿನ ತುದಿಯನ್ನು ಅವಳಂತೆಯೇ ಬೆರಳಿಗೆ ಸುತ್ತಿಕೊಂಡೆ. ‘ಮಗು ಒಬ್ಬಳೇ ಯಾಕಿದ್ಲು?’ ಎಂದು ಪಿಸುಮಾತು ಕೇಳಿದಳು. ನಿಜ ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸುಲಭದ್ದು ಯಾರಿಗೆ ಬೇಕು? ಕೆಟ್ಟ ಮಾತು ಕೇಳಿದರೂ ಇವಳ ಮುಖ ಕೆಡಬಾರದು, ಅದನ್ನು ಕಲಿಯಲಿ ಎಂದು ಅಲ್ಲೇ ಒಂದು ಕಥೆ ಕಟ್ಟಿದೆ.

‘ನಾನೇ ಹೊರಗಿಂದ ಬೀಗ ಹಾಕ್ದೆ ಮೇಡಂ. ಅಮ್ಮಾ ಅಮ್ಮಾ ಅಂತ ಬಾಗಿಲು ಬಡಿದ್ಲು. ಕೇಳಿಸ್ದೇ ಇರೋ ಹಾಗೆ ಹೊರಟೋದೆ. ದಾರೀಲಿ ಹೋಗ್ತಾ, ಇವಳೊಬ್ಬಳು ಇಲ್ದೇ ಇದ್ದಿದ್ರೆ ಎಷ್ಟು ಹಗುರ ಅನ್ನಿಸ್ತು.’ ಬಿಕ್ಕಿದೆ ಕೂಡ.

ಪಿಸುಮಾತಿನ ಕಣ್ಣು ತುಂಬಿತು, ಆದರೂ ಮುಖ ತಿರುಗಿಸಲಿಲ್ಲ. ‘ಹೇಳಿದ್ದು ಒಳ್ಳೇದಾಯ್ತು’ ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಮೇಜು ತಟ್ಟಿ ಕೂಗಿಬಿಟ್ಟೆ. ‘ಭೇಷ್! ನೆನಪಿಟ್ಕೋ, ಹೀಗೆ ಒಪ್ಕೊಂಡೋರ ಹತ್ರಾನೇ ನಾವು ಕೆಲಸ ಮಾಡೋಕಾಗೋದು. ಮಗು ವಾಪಸ್ ಸಿಗೋದೂ ಇಂಥೋರಿಗೇ. ಸಬೂಬು ಹೇಳೋರಿಗಲ್ಲ.’

ಬಾಗಿಲು ತೆಗೆದರೆ ಆ ತಾಯಿ ಬೆಂಚಿನ ಮೇಲೆ ಕೂತಿದ್ದಳು. ಬೇಗ ಬಂದುಬಿಟ್ಟಿದ್ದಳು. ತೊಡೆಯ ಮೇಲೆ ಚೀಲ, ಬೆರಳಿಗೆ ಸೆರಗು. ಎದ್ದು ನಿಂತು ನಮಸ್ಕಾರ ಮಾಡಿದಳು, ಅಷ್ಟೇ. ಭೇಟಿಯಲ್ಲಿ ಕೇಳಿದ್ದಕ್ಕೆಲ್ಲ ಹೂಂ, ಇಲ್ಲ ಎಂದಳೇ ಹೊರತು ಬೇರೆ ಮಾತಾಡಲಿಲ್ಲ.

ಅವಳು ಹೋದ ಮೇಲೆ ಪಿಸುಮಾತು ನನ್ನ ಮೇಜಿನ ಬಳಿ ಬಂದಳು. ‘ಮೇಡಂ, ಅವರಿಗೆ ಕೇಳಿಸಿದೆ. ನಾನು ಹೋಗಿ ಅದು ಬರೀ ಅಭ್ಯಾಸ ಅಂತ ಹೇಳಿ ಬರ್ಲಾ?’

ಕೇಳಿಸಿದೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಬಂತು. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿನ್ನ ಕಥೆ. ನಾವಾಗೇ ಹೋಗಿ ಕೆದಕಿದ್ರೆ ಇಲ್ಲದ್ದೆಲ್ಲ ಊಹಿಸ್ಕೋತಾರೆ. ಸುಮ್ನಿರು. ಇದು ನನ್ನ ಆರ್ಡರ್.’ ಅವಳು ಸುಮ್ಮನಾದಳು. ವಿದ್ಯಾರ್ಥಿ ತಾನೆ, ಸೂಪರ್‌ವೈಸರ್ ಮಾತು ಮೀರುವುದುಂಟೇ? ನಿಜ ಹೇಳಬೇಕೆಂದರೆ, ಒಬ್ಬ ಇಸ್ತ್ರಿಯವಳ ಮುಂದೆ ನಿಂತು ‘ನಿನ್ನನ್ನು ಅಣಕಿಸುತ್ತಿದ್ದೆ ಕಣಮ್ಮಾ’ ಎನ್ನಲು ನನ್ನಿಂದ ಆಗುತ್ತಿರಲಿಲ್ಲ.

ಸಮಿತಿ ಸೇರಿದ್ದೂ ನಮ್ಮ ಆ ಕೋಣೆಯಲ್ಲೇ. ಆಶ್ರಯಧಾಮದ ವಾರ್ಡನ್ ಮಗುವನ್ನು ಕರೆತಂದಿದ್ದರು. ಎರಡು ಜಡೆ, ಹೊಸ ಚಪ್ಪಲಿ, ಬಟ್ಟೆಯೆಲ್ಲ ತುಂಬಿ ಉಬ್ಬಿದ ಬ್ಯಾಗು. ‘ಇವತ್ತು ಮನೆಗೆ’ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿತ್ತು. ‘ಇಲ್ಲೇ ಕೂತಿರು ಪುಟ್ಟಾ, ಅಮ್ಮ ಈಗ ಬಂದ್ಬಿಡ್ತಾಳೆ’ ಎಂದು ನಾನೇ ಅದನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದೆ. ಹೌದು, ಅದೇ ಬೆಂಚು. ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಒಳ್ಳೆಯ ಹೆಂಗಸು. ‘ಹೆದರ್ಕೋಬೇಡಮ್ಮಾ. ಮಗು ಒಬ್ಬಳೇ ಯಾಕಿದ್ಲು, ಹೇಳು’ ಎಂದರು.

ತಾಯಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ‘ನಾನೇ ಹೊರಗಿಂದ ಬೀಗ ಹಾಕ್ದೆ ಮೇಡಂ. ಅಮ್ಮಾ ಅಮ್ಮಾ ಅಂತ ಬಾಗಿಲು ಬಡಿದ್ಲು. ಕೇಳಿಸ್ದೇ ಇರೋ ಹಾಗೆ ಹೊರಟೋದೆ...’

ಒಂದಕ್ಷರ ಬಿಡಲಿಲ್ಲ. ಎಷ್ಟು ಹಗುರ ಅನ್ನಿಸಿತು ಎಂಬಲ್ಲಿಗೆ ಬಂದು, ನಾನು ಬಿಕ್ಕಿದ್ದ ಜಾಗದಲ್ಲಿ ಅವಳೂ ಬಿಕ್ಕಿದಳು. ಆಮೇಲೆ ಪಾಠ ಒಪ್ಪಿಸಿದ ಹುಡುಗಿ ಟೀಚರ್ ಕಡೆ ನೋಡುವಂತೆ ನನ್ನ ಕಡೆ ನೋಡಿದಳು.

ಅಧ್ಯಕ್ಷೆಯ ಮುಖ ಗಟ್ಟಿಯಾಗಿತ್ತು. ಬ್ರೇಕ್ ಇಲ್ಲದ ನನ್ನ ಬಾಯಿ ಇಂಥ ಹೊತ್ತಿನಲ್ಲಿ ಕಚ್ಚಿಕೊಂಡು ಕೂತಿತು.

‘ಅದು ಅವರ ಮಾತಲ್ಲ!’

ಎಲ್ಲರೂ ತಿರುಗಿದರು. ಪಿಸುಮಾತು ಎದ್ದು ನಿಂತಿದ್ದಳು. ಸಮಿತಿಯಲ್ಲಿ ವಿದ್ಯಾರ್ಥಿಗಳು ಬಾಯಿ ತೆರೆಯುವಂತಿಲ್ಲ. ಕೋಣೆ ತುಂಬುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು. ‘ನಾವು ತಾಲೀಮು ಮಾಡುವಾಗ ಹುಟ್ಟಿಸಿದ ಮಾತು ಅದು. ಹೊರಗೆ ಕೂತು ಕೇಳಿಸ್ಕೊಂಡಿದ್ದಾರೆ. ನಾನು ಅವರಿಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನನ್ನದು.’

ನನ್ನ ಹೆಸರೆತ್ತಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

‘ಅವಳದ್ದಲ್ಲ, ನನ್ನದು’ ಎಂದೆ. ‘ಕಟ್ಟಿದ್ದೂ ನಾನು, ಆಡಿದ್ದೂ ನಾನು. ಹೇಳಿ ಬರ್ತೀನಿ ಅಂದವಳ ಬಾಯಿ ಮುಚ್ಚಿಸಿದ್ದೂ ನಾನು.’

ಅಧ್ಯಕ್ಷೆ ಮುಂದಿದ್ದ ಫೈಲು ಮುಚ್ಚಿದರು. ‘ಯಾರ ಮಾತು ಯಾರದ್ದು ಅಂತ ನನಗೆ ಈಗ ಹೇಗೆ ಗೊತ್ತಾಗ್ಬೇಕು? ಮಗುವಿನ ವಿಷಯ ಇದು. ಬೇರೆ ಕೇಂದ್ರದವರು ಇವರ ಹತ್ರ ಮಾತಾಡ್ಲಿ, ಆಮೇಲೆ ನೋಡೋಣ. ಇವತ್ತು ಕಳಿಸೋಕಾಗಲ್ಲ.’

ತಾಯಿಗೆ ಕೊನೆಯ ಮಾತು ಮಾತ್ರ ಅರ್ಥವಾಯಿತು. ‘ತಪ್ಪಾಗಿ ಹೇಳಿದ್ನಾ ಮೇಡಂ?’ ಎಂದು ನನ್ನನ್ನೇ ಕೇಳಿದಳು. ‘ಒಪ್ಕೊಂಡೋರಿಗೇ ಮಗು ಸಿಗೋದು ಅಂದ್ರಲ್ಲ. ಅದಕ್ಕೇ ದಿನಾ ಬಾಯಿಪಾಠ ಮಾಡ್ದೆ.’

‘ತಪ್ಪು ನಿಂದಲ್ಲಮ್ಮಾ’ ಎಂದೆ. ಅವಳನ್ನು ಹೊರಗೆ ಕರೆದುಕೊಂಡು ಹೋಗಲು ಬಾಗಿಲು ತೆಗೆದೆ. ಆಗ ಬೆಂಚು ಕಂಡಿತು.

ಮಗು ನಾನು ಕೂರಿಸಿದಲ್ಲೇ ಕೂತಿತ್ತು. ವಾರ್ಡನ್ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡಿದ್ದರು. ಅಮ್ಮ ಬಂದರೂ ಓಡಿ ಬರಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ಅವಳ ಮುಖವನ್ನೇ ನೋಡುತ್ತಿತ್ತು.

‘ಇವತ್ತು ಮನೆಗೆ ಹೋಗಲ್ವಾ?’

ತಾಯಿ ನನ್ನ ಕಡೆ ತಿರುಗಿದಳು. ನಾನೇ ನೆಲಕ್ಕೆ ಕುಕ್ಕರಿಸಿದೆ. ‘ಇವತ್ತಲ್ಲ ಪುಟ್ಟಾ.’

‘ನಾನು ಬಾಗಿಲು ಬಡಿದಿದ್ದಕ್ಕಾ?’

‘ಅಯ್ಯೋ, ನೀನು ಬಡೀಲೇ ಇಲ್ಲ ಕಂದಾ. ಅಮ್ಮ ಬೀಗ ಹಾಕೇ ಇಲ್ಲ. ಅದೆಲ್ಲ ನಾನು ಕಟ್ಟಿದ ಸುಳ್ಳು, ನಾಟಕ. ಅಮ್ಮಂಗೆ ನೀನು ಬೇಕು. ಗೊತ್ತಾಯ್ತಾ?’

‘ಹೂಂ’ ಎಂದಿತು. ದೊಡ್ಡವರು ಏನು ಹೇಳಿದರೂ ಹೂಂ ಎನ್ನಬೇಕೆಂದು ಕಲಿತ ಮಗು. ಆಮೇಲೆ ಅಮ್ಮನ ಸೆರಗು ಹಿಡಿದು ಬಗ್ಗಿಸಿಕೊಂಡು, ಅವಳ ಕಿವಿಯಲ್ಲಿ ಹೇಳಿತು. ಪಿಸುಗುಟ್ಟಿದ್ದಾದರೂ ನನಗೆ ಕೇಳಿಸಿತು.

‘ಇನ್ಮೇಲೆ ಬಡಿಯಲ್ಲ ಅಮ್ಮಾ.’