ದೆಲ್ಫಿನಾಗೆ ಬಿದ್ದ ಒಂದು ಓಟು

ಸೆವೆರಿನೊ ನನ್ನ ಮೂತಿಯನ್ನು ಚೂರಿಯಿಂದ ಕೆತ್ತುತ್ತಿದ್ದ. ಮೇಜಿನ ಮೇಲೆ ಹಾಸಿದ ಹಳೆಯ ಪತ್ರಿಕೆಗೆ ನನ್ನ ಮೈಯ ಸಿಪ್ಪೆ ಉದುರುತ್ತಿತ್ತು. ಪಂಚಾಯಿತಿ ಕಚೇರಿಯಲ್ಲಿ ಒಂದು ಮೆಂಡರ್ ಇತ್ತು, ಆದರೆ ಈ ಮುದಿ ಜವಾನನಿಗೆ ಅದರ ಮೇಲೆ ನಂಬಿಕೆಯಿಲ್ಲ. "ಅದು ಅರ್ಧ ಪೆನ್ಸಿಲ್ ತಿಂದೇ ಹಾಕತ್ತೆ," ಎಂದು ಗೊಣಗಿಕೊಂಡು ಕೆತ್ತುತ್ತಿದ್ದ. ನನ್ನ ಜೊತೆಯವೆರಡು ಪಕ್ಕದಲ್ಲಿ ಸರದಿ ಕಾಯುತ್ತಿದ್ದವು. ಮರುದಿನ ಚುನಾವಣೆ.

ನಾನು ಒಂದು ಪೆನ್ಸಿಲ್. ನದಿ ದಂಡೆಯ ಒಂದು ಕಾರ್ಖಾನೆಯಲ್ಲಿ, ಎರಡು ಮರದ ಹೋಳುಗಳ ನಡುವೆ ಸೀಸವಿಟ್ಟು ಅಂಟು ಹಾಕಿ ಒತ್ತಿದಾಗ ಹುಟ್ಟಿದೆ. ಶಾಲೆಯ ಮಕ್ಕಳು ಬರೆದು ಅಳಿಸುವ ಜಾತಿ ನನ್ನದಲ್ಲ. ನನ್ನ ಸೀಸಕ್ಕೆ ಬಣ್ಣದ ಪುಡಿ ಕಲೆಸಿದ್ದಾರೆ. ರಬ್ಬರಿನಿಂದ ಉಜ್ಜಿದರೆ ಕಾಗದ ಹರಿದೀತು, ನಾನು ಹೋಗುವುದಿಲ್ಲ. ಅದಕ್ಕೇ ಇಟಲಿಯಲ್ಲಿ ನನ್ನಂಥವುಗಳಿಂದ ಮತ ಹಾಕಿಸುತ್ತಾರೆ. ಅಲ್ಲಿ ಗುಂಡಿ ಒತ್ತುವ ಯಂತ್ರವಿಲ್ಲ. ಒಂದು ಮತಪತ್ರ, ಒಂದು ಪೆನ್ಸಿಲ್ ಕೈಗೆ ಕೊಡುತ್ತಾರೆ. ಮರೆಗೆ ಹೋಗಿ ಪಕ್ಷದ ಗುರುತಿನ ಮೇಲೆ ಗೀಟು ಎಳೆದು, ಬೇಕಾದವರ ಹೆಸರನ್ನು ಕೈಯಾರೆ ಬರೆಯಬೇಕು. ಪತ್ರ ಪೆಟ್ಟಿಗೆಗೆ, ಪೆನ್ಸಿಲ್ ಮತ್ತೆ ಮೇಜಿಗೆ. ಜೇಬಿಗಿಟ್ಟುಕೊಂಡು ಹೋದರೆ ದಂಡ.

ನನ್ನ ಮೊದಲ ಚುನಾವಣೆ ಕೆಳಗಿನ ಪಟ್ಟಣದಲ್ಲಿ ಆಯಿತು. ಅಲ್ಲೊಬ್ಬ ಮುದುಕ ನನ್ನನ್ನು ನಂಬದೆ ಮನೆಯಿಂದ ರಬ್ಬರ್ ತಂದಿದ್ದ. ಮರೆಯಲ್ಲಿ ನಿಂತು ಉಜ್ಜಿದ, ಉಜ್ಜಿದ, ಮತಪತ್ರದಲ್ಲಿ ತೂತೇ ಬಿತ್ತು. ಹೊರಗೆ ಬಂದು "ಸರಿಯಾಗಿದೆ, ಅಳಿಸೋಕಾಗಲ್ಲ," ಎಂದು ಸಂತೋಷದಿಂದ ಹೇಳಿ, ಆ ತೂತಿನ ಪತ್ರವನ್ನೇ ಪೆಟ್ಟಿಗೆಗೆ ಹಾಕಿ ಹೋದ. ಮನುಷ್ಯರಲ್ಲಿ ನಾನು ಕಂಡ ವಿಚಿತ್ರಕ್ಕೆ ಅದೇ ಕೊನೆ ಎಂದುಕೊಂಡಿದ್ದೆ. ಇನ್ನೂ ಲೊರ್ಮೆ ನೋಡಿರಲಿಲ್ಲ.

ದೇಶದ ಉತ್ತರದ ಬೆಟ್ಟಗಳಲ್ಲಿ ಒಂದು ಪುಟ್ಟ ಸ್ವಾಯತ್ತ ಪ್ರದೇಶವಿದೆ. ಅದಕ್ಕೆ ತನ್ನದೇ ಮಂಡಳಿ. ರಸ್ತೆ, ಶಾಲೆ, ರಸ್ತೆಗೆ ಬಿದ್ದ ಹಿಮ, ಎಲ್ಲ ಆ ಮಂಡಳಿಯ ಕೈಯಲ್ಲಿ. ಆ ಪ್ರದೇಶದ ತುದಿಯ ಹಳ್ಳಿ ಲೊರ್ಮೆ. ಅಲ್ಲಿನವರೆಲ್ಲ ಹೇಗೋ ಒಬ್ಬರಿಗೊಬ್ಬರು ನೆಂಟರು. ಈ ಚಳಿಗಾಲದಿಂದ ಹಿಮ ತಳ್ಳುವ ಯಂತ್ರ ಕೆಳಗಿನ ಊರಿನಲ್ಲೇ ನಿಲ್ಲುತ್ತದೆ, ಲೊರ್ಮೆಗೆ ಹತ್ತುವುದಿಲ್ಲ ಎಂದು ಮಂಡಳಿ ಹೇಳಿತ್ತು. ಯಂತ್ರ ಬರದಿದ್ದರೆ ಹಾಲು ಇಳಿಯದು, ಡಾಕ್ಟರು ಹತ್ತರು. ಹಾಲಿನ ವ್ಯಾನು ಓಡಿಸುವ ದೆಲ್ಫಿನಾ ಇದನ್ನು ಕೇಳಿ ಚುನಾವಣೆಗೆ ನಿಂತಳು.

ನಿಲ್ಲು ಎಂದು ಊರೇ ಅವಳನ್ನು ಹೊರಡಿಸಿತ್ತು. ಹಾಲಿನ ಕ್ಯಾನು ಎತ್ತಿ ಕೊಡುತ್ತ ಪ್ರತಿಯೊಬ್ಬರೂ "ನಮ್ಮ ಮನೆದೆಲ್ಲ ನಿಂಗೇ ಕಣೇ" ಎನ್ನುತ್ತಿದ್ದರಂತೆ. ಎದುರಿಗೆ ನಿಂತವನು ಪಟ್ಟಣದ ವಕೀಲ ಬೊಸ್ಕೊ. ಅವನು ಲೊರ್ಮೆಗೆ ಬಂದದ್ದೇ ಒಂದು ಸಲ, ಅದೂ ಬೇಸಿಗೆಯಲ್ಲಿ.

ಭಾನುವಾರ ಶಾಲೆಯ ಕೋಣೆಯಲ್ಲಿ ಮತದಾನ. ಬಾಗಿಲು ತೆರೆಯುತ್ತಲೇ ಬಂದವಳು ಕಪ್ಪು ಕೋಟಿನ ಒಬ್ಬ ಹೆಂಗಸು. ಅವಳನ್ನು ತಂದ ಬಸ್ಸು ಇನ್ನೂ ಹೊರಗೆ ಗುರುಗುಟ್ಟುತ್ತ ನಿಂತಿತ್ತು. ಅವಳು ದೆಲ್ಫಿನಾಳ ತಂಗಿ ಇರ್ಮಾ. ಗಡಿಯಾಚೆ ಸ್ವಿಟ್ಜರ್ಲೆಂಡಿನ ಆಸ್ಪತ್ರೆಯಲ್ಲಿ ದಾದಿ. ಮತ ಮಾತ್ರ ಊರಿನಲ್ಲೇ ಇತ್ತು. ನನ್ನನ್ನು ಹಿಡಿದು ಒಂದೇ ಉಸಿರಿಗೆ 'ದೆಲ್ಫಿನಾ' ಎಂದು ಬರೆದಳು. ಕಾಗದ ಮಡಿಸಿ ಹಾಕಿ, ಅದೇ ಬಸ್ಸು ಹತ್ತಿ ಬೆಟ್ಟ ಇಳಿದು ಹೋದಳು. ಆ ಹೊತ್ತಿಗೆ ದೆಲ್ಫಿನಾ ಮೇಲಿನ ಕೊಟ್ಟಿಗೆಗಳಿಂದ ಹಾಲು ತುಂಬುತ್ತಿದ್ದಳು.

ಮುಂದಿನದನ್ನು ಹೇಗೆ ಹೇಳಲಿ? ಪಕ್ಕದ ಮನೆಯ ಕ್ಲೆಲಿಯಾ ಅಜ್ಜಿ ಬಂದಳು. ನನ್ನನ್ನು ಹಿಡಿದು 'ಬೊಸ್ಕೊ' ಎಂದು ಬರೆದಳು. ಒಂದು ಅಕ್ಷರವೂ ಡೊಂಕಾಗಲಿಲ್ಲ. ಬಾರಿನ ತುಲ್ಲಿಯೊ ಬಂದ. ಬೊಸ್ಕೊ. ಅವನ ಹೆಂಡತಿ, ಬೊಸ್ಕೊ. ನನಗೆ ಏನೋ ತಪ್ಪಾಗಿದೆ ಅನ್ನಿಸಿತು. ನನ್ನ ಸೀಸವೇ ಹಾಗೆ ಬರೆಯುತ್ತಿದೆಯೇನೋ ಎಂದು ಹೆದರಿದೆ. ದೆಲ್ಫಿನಾಳ ಗಂಡ ಓರೆಸ್ತೆ ಬಂದು ನನ್ನನ್ನು ಎಷ್ಟೋ ಹೊತ್ತು ಹಿಡಿದು ನಿಂತ. ಬೆವರಿನಿಂದ ನನ್ನ ಮೈ ಜಾರುತ್ತಿತ್ತು. ಕಡೆಗೆ ಅವನೂ ಬೊಸ್ಕೊ ಎಂದೇ ಬರೆದ.

ಹಾಲಿಳಿಸಿ ದೆಲ್ಫಿನಾ ಬಂದಳು. ಮರೆಯಲ್ಲಿ ನಿಂತು ನನ್ನನ್ನು ಕಾಗದದ ಮೇಲಿಟ್ಟಳು, ಎತ್ತಿದಳು. "ಥೂ, ನನ್ನ ಹೆಸರು ನಾನೇ ಬರೆಯೋದಾ?" ಎಂದು ತನ್ನಲ್ಲೇ ಪಿಸುಗುಟ್ಟಿದಳು. ತಟ್ಟೆಗೆ ತಾನೇ ಮೊದಲು ಬಡಿಸಿಕೊಂಡಷ್ಟು ನಾಚಿಕೆ ಅವಳಿಗೆ. ತನ್ನದೇ ಪಕ್ಷದ ಪಟ್ಟಿಯಲ್ಲಿದ್ದ ಮಾಸ್ತರರೊಬ್ಬರ ಹೆಸರು ಬರೆದು ಹೊರಗೆ ಬಂದಳು.

ಎಣಿಕೆ ಮರುದಿನ. ದೆಲ್ಫಿನಾ ಎದುರು ಬೆಂಚಿನಲ್ಲಿ ಕೂತಿದ್ದಳು. ಮತಗಟ್ಟೆಯ ಅಧ್ಯಕ್ಷರು ಒಂದೊಂದೇ ಪತ್ರ ಬಿಚ್ಚಿ ಗಟ್ಟಿಯಾಗಿ ಓದುತ್ತಿದ್ದರು. ಬೊಸ್ಕೊ. ಬೊಸ್ಕೊ. ಬೊಸ್ಕೊ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗು ಹಾಗೇ ಮುಖದ ಮೇಲೆ ಮರೆತುಹೋಯಿತು. ನಡುವೆ ಒಂದು ಸಲ "ದೆಲ್ಫಿನಾ" ಎಂದು ಓದಿದರು. ಮತ್ತೆ ಬೊಸ್ಕೊ, ಮಾಸ್ತರರ ಹೆಸರು ಒಂದು ಸಲ, ಮತ್ತೆ ಬೊಸ್ಕೊ. ಪೆಟ್ಟಿಗೆ ಬರಿದಾದಾಗ ಅವಳ ಹೆಸರಿನ ಮುಂದೆ ನಿಂತದ್ದು ಆ ಒಂದೇ.

ಎಣಿಕೆಯ ಕಾಗದಕ್ಕೆ ಸಹಿ ಹಾಕಲು ಸೆವೆರಿನೊ ನನ್ನನ್ನು ಅವಳ ಕೈಗೆ ಕೊಟ್ಟ. ಸಹಿ ಹಾಕಿದಳು. ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ನನ್ನನ್ನು ಕೋಟಿನ ಒಳಜೇಬಿಗೆ ಇಳಿಸಿಕೊಂಡು ಎದ್ದು ನಡೆದಳು. ಹಾಗೆ ನಾನು ಸರಕಾರದ ಕೈಯಿಂದ ಅವಳ ಕೈಗೆ ಬಂದೆ.

ತುಲ್ಲಿಯೊನ ಬಾರಿನಲ್ಲಿ ಆಗಲೇ ಜನ ಸೇರಿದ್ದರು. ಯಾರೋ ಮೂಲೆಯಿಂದ ಅಂದರು: "ಒಂದಾದ್ರೂ ಬಿತ್ತಲ್ಲ. ತನ್ನ ಓಟು ತಾನು ಹಾಕ್ಕೊಂಡಿದ್ದಾಳೆ ಬಿಡಿ."

ದೆಲ್ಫಿನಾ ತಿರುಗಿದಳು. "ಅದು ನಂದಲ್ಲ. ನಾನು ಮಾಸ್ತರರ ಹೆಸರು ಬರ್ದೆ."

ಅವಳದಲ್ಲ ಅಂದರೆ ಮತ್ಯಾರದು? ಎಲ್ಲರೂ ನೆಲ ನೋಡುತ್ತಿದ್ದರು. ನನಗೆ ಜೇಬಿನೊಳಗೇ ಅವಳ ಎದೆ ಬಡಿಯುವುದು ಕೇಳಿಸುತ್ತಿತ್ತು.

ನಿಜವಾದ ಆಘಾತ ಕಾದಿದ್ದದ್ದು ಆಮೇಲೆ. ಬೆಳಿಗ್ಗೆ ವ್ಯಾನು ನಿಲ್ಲಿಸಿದ ಕೂಡಲೇ ಕ್ಲೆಲಿಯಾ ಅಜ್ಜಿ ಕ್ಯಾನಿನ ಜೊತೆ ಹತ್ತಿರ ಬಂದಳು.

"ಮಗಾ, ಯಾರಿಗೂ ಹೇಳ್ಬೇಡ. ಆ ಒಂದು ನಂದು."

"ಹೌದಾ ಅಜ್ಜಿ?"

"ನಮ್ಮಮ್ಮನಾಣೆ."

ಅಯ್ಯೋ, ನನ್ನಿಂದಲೇ ಬೊಸ್ಕೊ ಎಂದು ಬರೆದ ಕೈ ಅದು! ಮುಂದಿನ ಮನೆಯವನು ಕಿವಿಯ ಹತ್ತಿರ ಬಂದು ಅದನ್ನೇ ಅಂದ. ಅದರ ಮುಂದಿನವರೂ ಅಷ್ಟೇ. ತುಲ್ಲಿಯೊ ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ. "ನಾವು ನಾವು ಅಲ್ವೇನಕ್ಕ, ನಾನಲ್ದೆ ಇನ್ಯಾರು ಹಾಕ್ತಾರೆ?" ಎಂದು ಕಣ್ಣು ಹೊಡೆದ. ವಾರ ಕಳೆಯುವಷ್ಟರಲ್ಲಿ ಆ ಒಂದು ಓಟು ಲೊರ್ಮೆಯ ಎಲ್ಲ ಮನೆಗಳದ್ದೂ ಆಗಿತ್ತು. ಸೂಪು ಕುಡಿಯುತ್ತ ಓರೆಸ್ತೆಯೂ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ನಂದೇ ಅಂತ ನಿಂಗೆ ಗೊತ್ತಲ್ಲ."

ದೆಲ್ಫಿನಾ ಇನ್ನೊಂದು ಸೌಟು ಬಡಿಸಿದಳು. ಸೋತದ್ದು ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಇಷ್ಟು ಮುಖಗಳಲ್ಲಿ ನೆಟ್ಟಗೆ ನೋಡಬಹುದಾದ ಮುಖ ಯಾವುದೆಂದು ತಿಳಿಯದೆ ಅವಳು ನಿದ್ದೆಗೆಟ್ಟಿದ್ದಳು. ನನಗೆ ಬಾಯಿದ್ದಿದ್ದರೆ! ಒಂದು ಹೆಸರು ಹೇಳಿದರೆ ಸಾಕಿತ್ತು. ಆದರೆ ಪೆನ್ಸಿಲ್ ತಾನಾಗಿ ಏನನ್ನೂ ಬರೆಯಲಾರದು.

ಕಡೆಗೆ ಸೆವೆರಿನೊ ಮನೆಗೆ ಬಂದ, ನನ್ನನ್ನು ಹುಡುಕಿಕೊಂಡು.

"ದೆಲ್ಫಿನಾ, ಸರಕಾರದ ಪೆನ್ಸಿಲ್ ನಿನ್ನ ಹತ್ರ ಏನಾದ್ರೂ...?"

ಅವಳು ಜೇಬಿಗೆ ಕೈ ಹಾಕಿ ನನ್ನನ್ನು ನೋಡಿ ಬೆಚ್ಚಿದಳು. "ಅಯ್ಯಯ್ಯೋ, ಕಳ್ಳತನ ಬೇರೆ ಮಾಡಿದೆ ನೋಡು!"

ಅವನು ನನ್ನನ್ನು ಬೆಳಕಿಗೆ ಹಿಡಿದ. ನಾನು ಹೆಬ್ಬೆರಳಿನಷ್ಟೇ ಉಳಿದಿದ್ದೆ. "ಇದು ಮುಗೀತು. ಸವೆದು ಹೋಯ್ತು ಅಂತ ಬರೀತೀನಿ, ನೀನೇ ಇಟ್ಕೋ." ಕಾಫಿ ಹೀರುತ್ತ ಮಾತು ಬದಲಿಸಿದ: "ಅಲ್ಲಾ, ನಿನ್ನ ತಂಗಿ ಅಷ್ಟು ದೂರದಿಂದ ಬಂದ್ಲು, ಮನೇಗೂ ಬರದೆ ಹೋದ್ಲಾ?"

"ಯಾರು?"

"ಇರ್ಮಾ. ಮೊದಲ ಬಸ್ಸಿಗೆ ಬಂದು ಓಟು ಹಾಕಿ, ಅದೇ ಬಸ್ಸಿಗೆ ಹೋದ್ಲು. ನಿಂಗೆ ಗೊತ್ತಿಲ್ವಾ?"

ದೆಲ್ಫಿನಾಳ ಕಣ್ಣು ಅಡುಗೆಮನೆಯ ಕಡೆ ಹೋಯಿತು. ತಾಯಿಯ ಮಣ್ಣಿನ ದಿನ, ಜನರೆದುರು, ಇವಳು ತಂಗಿಗೆ "ನೆಂಟಳ ಹಾಗೆ ಬಂದೆಯಲ್ಲ" ಎಂದಿದ್ದಳು. ಅಂದಿನಿಂದ ಮಾತಿಲ್ಲ. ಅದಾದ ಮೇಲೆ, ಎಷ್ಟೋ ವರ್ಷದ ಹಿಂದೆ, ಇರ್ಮಾ ಒಂದು ಕಾಗದ ಬರೆದಿದ್ದಳು. ಅದಕ್ಕೆ ಉತ್ತರವೆಂದು ದೆಲ್ಫಿನಾ 'ನಿನ್ನ ಕಾಗದ ಬಂತು' ಎಂಬಲ್ಲಿಗೆ ನಿಲ್ಲಿಸಿದ ಹಾಳೆ ಅಡುಗೆಮನೆಯ ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು. ಅದು ಅಲ್ಲಿರುವುದು ಓರೆಸ್ತೆಗೂ ಗೊತ್ತಿತ್ತು.

ಸಂಜೆ ಓರೆಸ್ತೆ ಬಂದಾಗ ಅವಳು ಆ ಹಾಳೆಯನ್ನು ಎದುರಿಗಿಟ್ಟುಕೊಂಡಿದ್ದಳು.

"ಊರಲ್ಲಿ ಎಲ್ಲರೂ ಬಂದು ನಂದು ನಂದು ಅಂದ್ರು. ಹೇಳ್ಕೊಳ್ಳೋಕೆ ಬರದೇ ಇದ್ದೋಳು ಒಬ್ಬಳೇ."

ಓರೆಸ್ತೆ ಟೋಪಿ ತೆಗೆದ. ಅದನ್ನೇ ತಿರುವುತ್ತ ಹೇಳಿದ: "ಊರೆಲ್ಲ ನಿಂಗೇ ಹಾಕತ್ತೆ ಅಂದ್ಕೊಂಡೆ. ಬೇಸಿಗೇಲಿ ಬಂದಾಗ ವಕೀಲ್ರಿಗೆ ಮಾತು ಕೊಟ್ಟಿದ್ದೆ, ನಂದೊಂದು ಅವರಿಗೆ ಹೋದ್ರೆ ಏನಾಗತ್ತೆ ಅಂತ..."

"ಎಲ್ಲರೂ ಹಂಗೇ ಅಂದ್ಕೊಂಡ್ರು," ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಇನ್ನೂ ಗಾಬರಿಗೊಳಿಸಿತು. "ಕೂತ್ಕೋ. ಸೂಪು ಆರೋಗತ್ತೆ."

ಆಮೇಲೆ ನನ್ನನ್ನು ಕೈಗೆತ್ತಿಕೊಂಡಳು. ಹಳೆಯ ಶಾಯಿಯ ಸಾಲಿನ ಕೆಳಗೆ ನನ್ನಿಂದ ಬರೆದಳು: 'ಇರ್ಮಾ, ನಾನು ನನ್ನ ಹೆಸರು ಬರೆಯಲಿಲ್ಲ. ನೀನು ಬರೆದೆ. ಮುಂದಿನ ಸಲ ಬಂದ ಬಸ್ಸಿಗೇ ಹೋಗಬೇಡ.' ಇನ್ನೂ ಬರೆಯಬೇಕೆಂದು ನನ್ನನ್ನು ಕಾಗದದ ಮೇಲೆ ಹಿಡಿದಿದ್ದಳು. ಸಾಕೆನಿಸಿತೇನೋ, ಮಡಿಸಿದಳು.

ಹಿಮದ ಯಂತ್ರ ಈ ವರ್ಷ ಹತ್ತುತ್ತದೋ ಇಲ್ಲವೋ ಯಾರಿಗೂ ತಿಳಿಯದು. ನಾನು ಇನ್ನು ಯಾವ ಚುನಾವಣೆಗೂ ಹೋಗುವುದಿಲ್ಲ. ಎಷ್ಟೋ ಹೆಸರು ಬರೆದೆ. ಅವುಗಳಲ್ಲಿ ಬಹಳಷ್ಟನ್ನು ಬರೆದ ಕೈಗಳೇ ಬರೆದಿಲ್ಲ ಎಂದವು. ಅದರಿಂದ ಆದ ಗಾಯ ನನಗಿನ್ನೂ ಆರಿಲ್ಲ.

ಕಾಗದ ಬರೆದ ಮರುದಿನ ಬೆಳಿಗ್ಗೆ, ಹಾಲು ತುಂಬುವ ಮೊದಲೇ, ಕೆಳಗಿನ ಊರಿನ ಅಂಚೆಪೆಟ್ಟಿಗೆಯ ಮುಂದೆ ವ್ಯಾನು ನಿಂತಿತು. ಪಕ್ಕದಲ್ಲಿ ಓರೆಸ್ತೆ ಕೂತಿದ್ದ.

"ನಾನು ಹಾಕ್ಲಾ?" ಎಂದ.

"ಬೇಡ," ಎಂದಳು. ತಾನೇ ಇಳಿದು, ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ತುರುಕಿ, ಒಳಗೆ ಬಿದ್ದ ಸದ್ದು ಕೇಳುವವರೆಗೂ ಅಲ್ಲೇ ನಿಂತಳು.